ಮಣ್ಣಿನ ವಿಷಕ್ಕೆ ಮೂರು ವರ್ಷದ ಗಡುವಿಲ್ಲ

ಧಾರವಾಡದ ಸೂಪರ್ ಮಾರ್ಕೆಟ್‌ನಲ್ಲಿ ನಾನು ಯಾವಾಗಲೂ ಪಲ್ಲೆ ಕೊಳ್ಳುವ ಹೆಣ್ಣುಮಗಳನ್ನು ಈಚೆಗೊಮ್ಮೆ ಕೇಳಿದೆ: ‘ಈ ಮೆಂತೆ, ಪಾಲಕ ಬಾವಿ ನೀರಿಂದೋ, ನಾಲಾ ನೀರಿಂದೋ?’ ಆಕೆ ನಕ್ಕು, ‘ನೀರ ಯಾವದಾದ್ರ ಏನ್ರಿ ಸರ, ಪಲ್ಲೆ ತಾಜಾ ಐತಿ ನೋಡ್ರಿ’ ಎಂದಳು. ಅವಳ ಮಾತಿನಲ್ಲಿ ಮೋಸವಿರಲಿಲ್ಲ. ಆ ಸೊಪ್ಪಿನಲ್ಲಿ ಏನಿದೆ ಎಂದು ತಿಳಿದುಕೊಳ್ಳುವ ಉಪಾಯ ನಮ್ಮಿಬ್ಬರಲ್ಲಿಯೂ ಇರಲಿಲ್ಲ, ಅಷ್ಟೆ. ಬಹುಕಾಲ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದ ನಾನು ಕಟ್ಟನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ.

ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಮಗ್ಗುಲಲ್ಲಿ ಜೀವನದಿಯಿಲ್ಲ. ಕುಡಿಯುವ ನೀರೇ ದೂರದ ಮಲಪ್ರಭೆಯಿಂದ ಬರಬೇಕು. ಆ ನೀರು ಮನೆ, ಆಸ್ಪತ್ರೆ, ಕಾರ್ಖಾನೆಗಳನ್ನು ಹಾದು ಗಟಾರ ಸೇರಿ ನಾಲೆಯಾಗಿ ಹರಿಯುತ್ತದೆ. ಬಿಡನಾಳ, ಗಬ್ಬೂರ, ಮಡಿಹಾಳದ ಕಡೆಯ ರೈತರು ದಶಕಗಳ ಹಿಂದೆಯೇ ಅದನ್ನು ಹೊಲಕ್ಕೆ ಎತ್ತಿಕೊಂಡರು. ಬೇಸಿಗೆಯಲ್ಲೂ ಬತ್ತದ, ಗೊಬ್ಬರವನ್ನೂ ಹೊತ್ತು ತರುವ ನೀರನ್ನು ಮಳೆಯಾಶ್ರಿತ ಸೀಮೆಯ ರೈತ ಬೇಡವೆನ್ನುವುದಾದರೂ ಹೇಗೆ?

ಈ ಬೇಸಾಯವನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಿದವರು ಇಲ್ಲವೆಂದಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಾ. ಸಿ.ಎಸ್. ಹುನಶಾಳ ಅವರು ಬ್ರಿಟನ್ನಿನ ಸಂಶೋಧಕರಾದ ಆಂಡ್ರ್ಯೂ ಬ್ರಾಡ್‌ಫೋರ್ಡ್ ಮತ್ತು ರಾಬರ್ಟ್ ಬ್ರೂಕ್ ಅವರೊಡನೆ ನಡೆಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ನಾಲಾ ನೀರು ರೈತರ ಆದಾಯ ಹೆಚ್ಚಿಸಿದ್ದನ್ನು ಅದು ಗುರುತಿಸಿತು. ಜೊತೆಗೆ, ವರ್ಷವಿಡೀ ತರಕಾರಿ ಬೆಳೆಯುವುದರಿಂದ ಕೀಟಬಾಧೆ ಹೆಚ್ಚಿ ಕೀಟನಾಶಕದ ಬಳಕೆ ಏರಿದ್ದನ್ನೂ, ಆಸ್ಪತ್ರೆಯ ಸೂಜಿಗಳು ನೀರಿನೊಡನೆ ಹೊಲಕ್ಕೆ ಬರುತ್ತಿದ್ದುದನ್ನೂ ದಾಖಲಿಸಿತು. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ನಮ್ಮ ಊರಿನ ಗಟಾರದ ನೀರಿನ ಈ ಅಧ್ಯಯನಕ್ಕೆ ಹಣ ಒದಗಿದ್ದು ಬ್ರಿಟಿಷ್ ಸರಕಾರದ ಅಭಿವೃದ್ಧಿ ನೆರವಿನಿಂದ. ಹೊರಗಿನ ನೆರವು ತಪ್ಪಲ್ಲ. ಆದರೆ ನಮ್ಮ ತಟ್ಟೆಯಲ್ಲೇನಿದೆ ಎಂದು ಕೇಳುವ ಹೊಣೆಯನ್ನೂ ಪರರಿಗೆ ಬಿಟ್ಟುಕೊಟ್ಟರೆ ಹೇಗೆ?

ಸಂಶೋಧನೆಯ ಅನುದಾನ ಸಾಮಾನ್ಯವಾಗಿ ಮೂರು ವರ್ಷಕ್ಕೆ ಸಿಗುತ್ತದೆ. ಮೊದಲ ವರ್ಷ ಉಪಕರಣದ ಖರೀದಿ, ಎರಡನೆಯ ವರ್ಷ ಮಾದರಿಗಳ ಸಂಗ್ರಹ, ಮೂರನೆಯ ವರ್ಷ ವರದಿ. ಆಮೇಲೆ ಸಹಾಯಕರು ಬೇರೆ ನೌಕರಿ ಹುಡುಕುತ್ತಾರೆ, ಉಪಕರಣಕ್ಕೆ ದುರಸ್ತಿಯ ಹಣವಿರುವುದಿಲ್ಲ. ಆದರೆ ನಾವು ಹುಡುಕುತ್ತಿರುವ ವಸ್ತುಗಳಿಗೆ ಈ ಗಡುವು ಗೊತ್ತಿಲ್ಲ. ಸೀಸ, ಕ್ಯಾಡ್ಮಿಯಂ ಮಣ್ಣಿನಲ್ಲಿ ಕೊಳೆಯುವುದೇ ಇಲ್ಲ. ಕೃಷಿಯಲ್ಲಿ 1989ರಲ್ಲಿ ನಿಷೇಧಗೊಂಡ ಡಿ.ಡಿ.ಟಿ., 1997ರಲ್ಲಿ ನಿಷೇಧಗೊಂಡ ಬಿ.ಎಚ್.ಸಿ. ದಶಕಗಳ ಕಾಲ ಕುರುಹು ಉಳಿಸುವಂಥವು. ಇವುಗಳ ಸಾಲಿಗೆ ಈಗ ಅಂಟದ ಬಾಣಲೆ, ನೀರು ಹಿಡಿಯದ ಬಟ್ಟೆ, ಬೆಂಕಿ ಆರಿಸುವ ನೊರೆಗಳಲ್ಲಿ ಬಳಕೆಯಾದ ‘ಪಿಎಫ್‌ಎಎಸ್’ ಎಂಬ ಫ್ಲೋರಿನ್ ಸಂಯುಕ್ತಗಳು ಸೇರಿವೆ. ಕೊಳಚೆ ನೀರಿನ ಶುದ್ಧೀಕರಣ ಘಟಕಗಳು ಬಂದಿವೆಯಲ್ಲ ಎಂದು ಸಮಾಧಾನಪಡುವವರುಂಟು. ಸಾಮಾನ್ಯ ಘಟಕಗಳನ್ನು ಕಟ್ಟುವುದು ಜೈವಿಕ ಕೊಳೆ ಕಳೆಯಲು. ಇಂಥ ಸಂಯುಕ್ತಗಳನ್ನು ಒಡೆಯಲು ಅಲ್ಲ.

ತಡವಾಗಿ ಕೇಳಿದ ಪ್ರಶ್ನೆಗೆ ತೆರುವ ಬೆಲೆ ಎಷ್ಟೆಂಬುದನ್ನು ಕನ್ನಡಿಗರಿಗೆ ಬೇರೆಯವರು ಹೇಳಬೇಕಾಗಿಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಎಣ್ಮಕಜೆಯ ಕನ್ನಡ ಮನೆಗಳಲ್ಲಿ ಅಂಗವೈಕಲ್ಯದ ಮಕ್ಕಳು ಹುಟ್ಟುತ್ತಿರುವುದರತ್ತ ಬೆರಳು ತೋರಿದವರು ಊರಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಮತ್ತು ಪತ್ರಕರ್ತ ಶ್ರೀಪಡ್ರೆ. ಯಾವ ಪ್ರಯೋಗಾಲಯವೂ ಅಲ್ಲ. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ತಂಡ ಅಲ್ಲಿಗೆ ಬಂದದ್ದು 2001ರಲ್ಲಿ, ಸಿಂಪಡಣೆ ನಿಂತ ಮೇಲೆ. ಸುಪ್ರೀಂ ಕೋರ್ಟಿನ ನಿಷೇಧ 2011ರಲ್ಲಿ ಬಂತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಅದೇ ನ್ಯಾಯಾಲಯ ಕೇರಳ ಸರಕಾರಕ್ಕೆ 2017ರಲ್ಲಿ ಆದೇಶಿಸಿತು. ಸಿಂಪಡಣೆಗೆ ಮೊದಲಿನ ಮತ್ತು ನಡುವಿನ ವರ್ಷಗಳ ಮಣ್ಣು, ನೀರು, ರಕ್ತದ ಅಳತೆಗಳು ಕೈಯಲ್ಲಿದ್ದಿದ್ದರೆ, ರೋಗಕ್ಕೆ ಕಾರಣ ಇದೇ ಹೌದೋ ಅಲ್ಲವೋ ಎಂಬ ವಾದದಲ್ಲಿ ಸಮಿತಿಗಳ ಮೇಲೆ ಸಮಿತಿಗಳು ಕಾಲ ಕಳೆಯಬೇಕಿರಲಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲನೆಯದಾಗಿ, ಇಂಥ ಅಧ್ಯಯನಕ್ಕೆ ಕನಿಷ್ಠ ಇಪ್ಪತ್ತು ವರ್ಷದ ಖಾತರಿಯ ಹಣ ಬೇಕು. ನಮ್ಮ ದೇಶ ಸಂಶೋಧನೆಗೆ ವ್ಯಯಿಸುವುದು ಒಟ್ಟು ದೇಶೀಯ ಉತ್ಪನ್ನದ ಸುಮಾರು ಶೇ. 0.64ರಷ್ಟು. 2023ರ ಕಾಯ್ದೆಯಂತೆ ರಚನೆಯಾದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿಯ ಗುರಿಯಿದ್ದರೂ ಅದರ ಬಹುಪಾಲು ಖಾಸಗಿ ಮೂಲಗಳಿಂದ ಬರಬೇಕೆಂಬುದು ಎಣಿಕೆ. ಲಾಭದ ವಾಸನೆಯಿಲ್ಲದ, ಒಮ್ಮೊಮ್ಮೆ ಲಾಭಕ್ಕೆ ಕುತ್ತಾಗುವ ಇಂಥ ಪ್ರಶ್ನೆಗೆ ಖಾಸಗಿ ಹಣವನ್ನು ಕಾಯುವುದು ವ್ಯರ್ಥ. ಇದು ಸರಕಾರವೇ ಹೊರಬೇಕಾದ ಭಾರ.

ಎರಡನೆಯದು, ಅಗ್ಗದ ಕೆಲಸ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ 1843ರಲ್ಲಿ ಆರಂಭವಾದ ಪ್ರಯೋಗಗಳ ಮಣ್ಣು, ಬೆಳೆಯ ಮಾದರಿಗಳನ್ನು ಸೀಸೆಗಳಲ್ಲಿ ಕಾದಿರಿಸುತ್ತ ಬಂದರು. ಡಯಾಕ್ಸಿನ್ ಎಂಬ ವಿಷದ ಹೆಸರೇ ಕೇಳಿರದ ಕಾಲದ ಆ ಮಣ್ಣನ್ನು ತೆಗೆದು, ಅದು ಎಂದಿನಿಂದ ಹೆಚ್ಚಿತು ಎಂಬುದನ್ನು ಮುಂದಿನ ವಿಜ್ಞಾನಿಗಳು ಅಳೆದರು. ನಾಲಾ ದಂಡೆಯ ಹೊಲಗಳ ಮಣ್ಣನ್ನು ಪ್ರತಿ ವರ್ಷ ಹೀಗೆ ಕಾದಿರಿಸಲು ಕೋಟಿಗಟ್ಟಲೆ ಹಣ ಬೇಡ. ಕೃಷಿ ವಿಶ್ವವಿದ್ಯಾಲಯ, ಕರ್ನಾಟಕ ವಿಶ್ವವಿದ್ಯಾಲಯ, ಐಐಟಿ, ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜು ಎಲ್ಲವೂ ಒಂದೇ ಅವಳಿ ನಗರದಲ್ಲಿರುವ ಊರು ನಮ್ಮದು. ಅವು ಒಂದು ಮೇಜಿನ ಸುತ್ತ ಕೂಡಬೇಕು.

ಒಂದು ಆಕ್ಷೇಪವಿದೆ, ಅದು ನ್ಯಾಯವಾದುದೇ. ವಿಷ ಸಿಕ್ಕಿತೆಂದು ಸುದ್ದಿಯಾದರೆ ಮರುದಿನ ಪಲ್ಲೆಯ ಬುಟ್ಟಿ ಖಾಲಿಯಾಗದು. ಸಾಲ ಮೈಮೇಲೆ ಬರುವುದು ರೈತನಿಗೆ. ನಗರ ಹರಿಯಬಿಟ್ಟ ಹೊಲಸಿಗೆ ಅವನೇಕೆ ದಂಡ ತೆರಬೇಕು? ಅಮೆರಿಕದ ಮೇನ್ ರಾಜ್ಯದಲ್ಲಿ ಇದೇ ಪ್ರಶ್ನೆ ಎದ್ದಿತು. ಗೊಬ್ಬರವೆಂದು ನಂಬಿ ಹೊಲಕ್ಕೆ ಹಾಕಿದ್ದ ಕೊಳಚೆಯ ಕೆಸರಿನಿಂದ ಪಿಎಫ್‌ಎಎಸ್ ಹಾಲಿಗೂ ಇಳಿದಿತ್ತು. 2022ರಲ್ಲಿ ಆ ರಾಜ್ಯ ಕೆಸರು ಹಾಕುವುದನ್ನು ನಿಷೇಧಿಸಿದ್ದಲ್ಲದೆ 6 ಕೋಟಿ ಡಾಲರಿನ ನಿಧಿ ಸ್ಥಾಪಿಸಿತು. ರೈತರ ಪರಿಹಾರ, ಆರೋಗ್ಯ ತಪಾಸಣೆ, ಸಂಶೋಧನೆ ಮೂರೂ ಅದೇ ನಿಧಿಯಲ್ಲಿ ಸೇರಿವೆ. ನಮ್ಮಲ್ಲಿಯೂ ಪರೀಕ್ಷೆಯ ಹಣ ಮತ್ತು ಪರಿಹಾರದ ಹಣ ಒಟ್ಟಿಗೇ ಮಂಜೂರಾಗಬೇಕು. ಆಗ ಮಾತ್ರ ರೈತ ತನ್ನ ಹೊಲದ ಮಣ್ಣನ್ನು ತಾನಾಗಿ ತಂದುಕೊಟ್ಟಾನು.

ಆ ಸೊಪ್ಪು ನಿರಪಾಯಕಾರಿಯೇ ಇರಬಹುದು. ಹಾಗಿದ್ದರೆ ಅದನ್ನು ಸಾಬೀತುಪಡಿಸಿ ಬೆಳೆದವರ ಹೆಸರು ಕಾಯುವುದೂ ವಿಜ್ಞಾನದ ಕೆಲಸವೇ. ಮುಂದಿನ ಸಲ ನಾನು ಅದೇ ಪ್ರಶ್ನೆ ಕೇಳಿದಾಗ ಆ ಹೆಣ್ಣುಮಗಳು ನಗಬೇಕಾಗಿಲ್ಲ. ಅವಳ ಬಳಿ ಉತ್ತರವಿರಬೇಕು. ಆ ಉತ್ತರ ಒದಗಿಸುವ ಹೊಣೆ ಅವಳದಲ್ಲ, ನಮ್ಮೆಲ್ಲರ ತೆರಿಗೆಯ ಹಣದ್ದು.