ಪೇಟೆಯ ನಡಿಗೆಯಲ್ಲಿ ವರ್ತಕನ ಪಾತ್ರವೇನು?

ಬೆಂಗಳೂರಿನ ಹಳೆಯ ಪೇಟೆಯಲ್ಲಿ ರಜಾದಿನಗಳ ಮುಂಜಾನೆ 'ಪಾರಂಪರಿಕ ನಡಿಗೆ'ಗಳು ನಡೆಯುತ್ತವೆ. ಆಸಕ್ತರು ಗುಂಪಾಗಿ ಬಂದು ದೇವಾಲಯಗಳನ್ನೂ ಹಳೆಯ ಕಟ್ಟಡಗಳನ್ನೂ ನೋಡಿ, ತಿಂಡಿ ತಿಂದು ಹಿಂದಿರುಗುತ್ತಾರೆ. ಆ ಹೊತ್ತಿನಲ್ಲಿ ಬಹುಪಾಲು ಅಂಗಡಿಗಳ ಬಾಗಿಲು ಮುಚ್ಚಿರುತ್ತದೆ. ವ್ಯಾಪಾರದಿಂದಲೇ ಹುಟ್ಟಿದ ಊರನ್ನು ವ್ಯಾಪಾರವಿಲ್ಲದ ವೇಳೆಯಲ್ಲಿ ತೋರಿಸಲಾಗುತ್ತಿದೆ. ಇದರ ಬಗ್ಗೆ ವರ್ತಕ ಸಮುದಾಯವು ಯೋಚಿಸಬೇಕಾಗಿದೆ.

1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಈ ಪೇಟೆಯ ಬೀದಿಗಳಿಗೆ ಕಸುಬುಗಳೇ ಹೆಸರು ಕೊಟ್ಟಿವೆ. ಅಕ್ಕಿಪೇಟೆ, ರಾಗಿಪೇಟೆ, ಅರಳೇಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತರಗುಪೇಟೆ ಎಂಬ ಹೆಸರುಗಳೇ ಇಲ್ಲಿನ ಶಾಸನಗಳು. ಹೀಗಿರುವಾಗ ಪೇಟೆಯ ಚರಿತ್ರೆಯನ್ನು ಹೇಳಲು ತಲೆಮಾರುಗಳಿಂದ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರಿಗಿಂತ ಅರ್ಹರು ಯಾರು? ಆದರೂ ಪಾದಚಾರಿ ಮಾರ್ಗದ ಮೇಲೆ ಸರಕು ಹರಡಿ ಬಂದವರಿಗೆ ಕಾಲಿಡಲು ಜಾಗವಿಲ್ಲದಂತೆ ಮಾಡುತ್ತಿರುವವರಲ್ಲಿ ನಾವೂ ಇದ್ದೇವೆ. ಮರದ ಕಂಬಗಳ ಹಳೆಯ ಮಳಿಗೆಯನ್ನು ಕೆಡವಿ, ಎಲ್ಲೆಡೆ ಇರುವಂಥದ್ದೇ ಸಂಕೀರ್ಣ ಕಟ್ಟುವವರಲ್ಲಿಯೂ ನಾವಿದ್ದೇವೆ.

ಉಪೇಕ್ಷೆಯ ಬೆಲೆ ಎಷ್ಟೆಂಬುದನ್ನು ಮೈಸೂರು ಕಂಡಿದೆ. ಅಲ್ಲಿ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಮೃತಪಟ್ಟರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಕುಸಿಯಿತು. ಕೆಡವಬೇಕೋ ದುರಸ್ತಿ ಮಾಡಬೇಕೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಅಂಥ ವಾದಗಳ ನಡುವೆ ಅನಿಶ್ಚಿತತೆಯಲ್ಲಿ ದಿನ ನೂಕಬೇಕಾದವನು ಬಾಡಿಗೆಯ ವರ್ತಕನೇ.

ಈಗ ನಮ್ಮ ಸೀಮೆಗೆ ಬರೋಣ. ಬೆಂಗಳೂರು–ಹಾಸನ ಹೆದ್ದಾರಿಯಲ್ಲಿ ಸೋಲೂರನ್ನು ದಾಟಿಹೋಗುವ ವಾಹನಗಳಿಗೆ ಲೆಕ್ಕವಿಲ್ಲ. ಅಲ್ಲಿಂದಲೇ ಮಾಗಡಿಗೆ ದಾರಿ ತಿರುಗುತ್ತದೆಯಾದರೂ ತಿರುಗುವವರು ವಿರಳ. 1638ರಲ್ಲಿ ಬೆಂಗಳೂರು ಬಿಜಾಪುರದ ಪಾಲಾದ ಮೇಲೆ ಕೆಂಪೇಗೌಡರ ವಂಶಸ್ಥರಿಗೆ ಮಾಗಡಿಯೇ ರಾಜಧಾನಿಯಾಯಿತು. 1728ರಲ್ಲಿ ಅದು ಮೈಸೂರಿನ ವಶವಾಯಿತು. ಕೋಟೆ, ಸೋಮೇಶ್ವರ ದೇವಾಲಯ, ತಿರುಮಲೆಯ ರಂಗನಾಥಸ್ವಾಮಿ ಸನ್ನಿಧಿ, ಸಮೀಪದಲ್ಲೇ ಸಾವನದುರ್ಗ ಇವೆಲ್ಲವೂ ಇಲ್ಲಿವೆ. ಹಿತ್ತಲ ಗಿಡ ಮದ್ದಲ್ಲವೆಂಬಂತೆ ನಾವು ಮಾತ್ರ ಇವನ್ನು ಮರೆತಿದ್ದೇವೆ.

ನೋಡಲು ಬಂದವರು ಕೊಳ್ಳುವುದಿಲ್ಲ ಎಂಬ ಆಕ್ಷೇಪಣೆ ನಿರಾಧಾರವೇನಲ್ಲ. ಆದರೆ ಕೊಳ್ಳುವಂಥದ್ದನ್ನು ಅವರ ಮುಂದಿಡುವ ಪ್ರಯತ್ನವನ್ನೇ ನಾವು ಮಾಡಿಲ್ಲ. ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ಚನ್ನಪಟ್ಟಣದ ಗೊಂಬೆಗಳು ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದಿವೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಪ್ರಸಿದ್ಧವಾಗಿದೆ. ಇವುಗಳ ಉತ್ಪನ್ನಗಳಿಗೆ ಮಾಗಡಿಯ ಪೇಟೆಬೀದಿಯಲ್ಲಿ ಒಂದು ಮಳಿಗೆ ದೊರೆತರೂ ಸಾಕು.

ಸರ್ಕಾರದ ಯೋಜನೆ ಬರಲೆಂದು ಕಾಯದೆ ವರ್ತಕರೇ ನಾಲ್ಕು ಕೆಲಸಗಳನ್ನು ಆರಂಭಿಸಬಹುದು. ತಿಂಗಳಿಗೊಂದು ದಿನ, ಅಂಗಡಿಗಳು ತೆರೆದಿರುವ ವೇಳೆಯಲ್ಲಿಯೇ ನಡಿಗೆಯನ್ನು ಏರ್ಪಡಿಸುವುದು. ಅಂದಾದರೂ ಬೀದಿಯನ್ನು ತೆರವಾಗಿಟ್ಟು ಕುಡಿಯುವ ನೀರು ಹಾಗೂ ಶೌಚಾಲಯ ಒದಗಿಸುವುದು. ನಿಗದಿತ ದರ ಮತ್ತು ರಸೀದಿಯ ಪದ್ಧತಿ ಪಾಲಿಸುವುದು. ಪ್ರತಿ ಬೀದಿಯಲ್ಲೊಬ್ಬ ಹಿರಿಯ ವರ್ತಕರಿಂದ ಆ ಬೀದಿಯ ಕಸುಬಿನ ಕಥೆ ಹೇಳಿಸುವುದು. ಸೋಲೂರಿನ ತಿರುವಿನಲ್ಲಿ ಇದನ್ನು ಸಾರುವ ಒಂದು ಫಲಕವಿರಲಿ.

ಇವುಗಳಿಗೆ ತಗಲುವ ವೆಚ್ಚ ಅಲ್ಪ. ಆದರೆ ಒಮ್ಮೆ ಕೆಡವಿದ ಬೀದಿಯನ್ನು ಯಾವ ವೆಚ್ಚದಿಂದಲೂ ಮರಳಿ ಹಳೆಯದಾಗಿಸಲಾಗದು. ಆದುದರಿಂದ ಮುಂದಿನ ಸಭೆಯಲ್ಲಿಯೇ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳುವುದು ಸೂಕ್ತ.