ವೈನಿನ ಪಟ್ಟಿಯ ಪರೀಕ್ಷೆ

ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹರಾಜಿನಲ್ಲಿ ಎಲೆಯ ಬಣ್ಣವನ್ನು ನೋಡಿ, ದರ್ಜೆಯನ್ನು ಗೊತ್ತುಮಾಡಿದ ಮೇಲಷ್ಟೇ ಬೆಲೆಯ ಮಾತು. ಆ ಸೀಮೆಯವರೇ ಬೆಂಗಳೂರಿನ ಇಟಾಲಿಯನ್ ಭೋಜನಶಾಲೆಯಲ್ಲಿ ಕುಳಿತಾಗ ಮಾತ್ರ ದಪ್ಪ ರಟ್ಟಿನ ವೈನ್ ಪಟ್ಟಿಗೆ ಬೆದರಿ, ಬಲಗಡೆಯ ಅಂಕಿಗಳನ್ನಷ್ಟೇ ಓದುವುದೇಕೆ?

ಪಟ್ಟಿಯೂ ಪರೀಕ್ಷೆಗೆ ಒಳಪಡಬೇಕಾದ ಸರಕೇ. ‘ಕಿಯಾಂಟಿ’ ಎಂಬುದು ಟಸ್ಕನಿಯ ಒಂದು ಸೀಮೆ. ಅಲ್ಲಿನ ಮುಖ್ಯ ದ್ರಾಕ್ಷಿ ಸಾಂಜೊವೇಸೆ. ಪೀಡ್‌ಮಾಂಟ್‌ನ ‘ಬರೋಲೊ’ವನ್ನು ಮೂರು ವರ್ಷಕ್ಕೂ ಮಿಕ್ಕಿ ಮಾಗಿಸದೆ ಮಾರುವಂತಿಲ್ಲ, ದುಬಾರಿಯಾದರೆ ಅದಕ್ಕೊಂದು ಕಾರಣವುಂಟು. ಆದರೆ ತಯಾರಕರ ಹೆಸರನ್ನೂ ಸುಗ್ಗಿಯ ವರ್ಷವನ್ನೂ ಹೇಳದೆ, ಬರಿದೆ ‘ಕೆಂಪು, ಇಟಲಿ’ ಎಂದು ಬರೆದು ಸಾವಿರಗಳನ್ನು ಕೇಳುವುದು ದರ್ಜೆಯಿಲ್ಲದ ಬೇಲನ್ನು ಮಾರಿದಂತೆಯೇ ಸರಿ.

750 ಮಿಲಿಲೀಟರಿನ ಸೀಸೆಯಲ್ಲಿ 150ರ ಐದು ಲೋಟಗಳಿವೆ. ಲೋಟದ ಬೆಲೆಯನ್ನು ಐದರಿಂದ ಗುಣಿಸಿ ನೋಡಿ. ಸೀಸೆಯನ್ನು ತೆರೆದದ್ದು ಎಂದು ಎಂದು ಕೇಳಲೂ ಸಂಕೋಚ ಬೇಡ. ಗಾಳಿ ತಾಗಿದ ವೈನ್ ಕೆಲವೇ ದಿನಗಳಲ್ಲಿ ಸವಿಗೆಡುತ್ತದೆ.

ನನ್ನ ಕಣ್ಣು ಮಾತ್ರ ಪಟ್ಟಿಯ ಕೊನೆಯ ಪುಟದ ಮೇಲೆ. 1988ರಲ್ಲಿ ಆರಂಭವಾದ ಗ್ರೋವರ್ ಸಂಸ್ಥೆಯವರು ನಂದಿಬೆಟ್ಟದ ತಪ್ಪಲಿನಲ್ಲಿ ಫ್ರೆಂಚ್ ತಳಿಗಳನ್ನು ಬೆಳೆಸಿ ತಯಾರಿಸುವ ಕೆಂಪು ವೈನಿಗೆ ಆಮದಿನ ಸುಂಕವಿಲ್ಲ. ಅಂಥದನ್ನು ‘ದೇಶೀಯ’ ಎಂಬ ಒಂದೇ ಸಾಲಿನಲ್ಲಿ ಮೂಲೆಗೊತ್ತುವ ಹೋಟೆಲುಗಳು ಇಟಲಿಯ ರೀತಿಯನ್ನೇ ಮರೆತಿವೆ! ಟಸ್ಕನಿಯ ಊಟದ ಮನೆಗಳಲ್ಲಿ ಮೊದಲು ಬಡಿಸುವುದು ಆ ಸೀಮೆಯದೇ ರಸವನ್ನು. ಟೊಮೇಟೊ ಗೊಜ್ಜಿನ ಪಾಸ್ತಾ ಬಂದಾಗ ನಂದಿಯ ಸೀಸೆಯನ್ನು ತರಿಸಿ, ಅದರ ವರ್ಷವನ್ನೂ ಗಟ್ಟಿಯಾಗಿಯೇ ಕೇಳಿ.