ದಾಸ ಅಂದರೆ ದಾಸನೇ, ಸ್ವಾಮೀ

"ಇಸ್ರಾಯೇಲ್ಯರಲ್ಲಿ ಇದ್ದದ್ದು ನಿಜವಾದ ಗುಲಾಮಗಿರಿಯೇ ಅಲ್ಲ, ಅದೊಂಥರಾ ನೌಕರಿ." ಮಲಾಡಿನಿಂದ ಮೀರಾರೋಡಿನ ತನಕ ಎಷ್ಟು ಬೈಬಲ್ ಸ್ಟಡಿಗಳಲ್ಲಿ ಈ ಮಾತು ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರು ಕೆಟ್ಟವರಲ್ಲ. ಕಾಲೇಜಿಗೆ ಹೋಗುವ ಮಕ್ಕಳು ವಿಮೋಚನಕಾಂಡ ಓದಿ ಪ್ರಶ್ನೆ ಕೇಳಿದರೆ ಏನು ಹೇಳೋದು ಅನ್ನುವ ಹೆದರಿಕೆ ಅವರಿಗೆ. ಅದಕ್ಕೆ ಉತ್ತರ ರೆಡಿ ಮಾಡಿಟ್ಟುಕೊಂಡಿದ್ದಾರೆ: ಆರು ವರ್ಷ ದುಡಿದರೆ ಏಳನೆಯ ವರ್ಷ ಬಿಡುಗಡೆ, ಸಬ್ಬತ್ ದಿನ ರಜೆ, ಯಜಮಾನ ಹೊಡೆದು ಹಲ್ಲು ಬೀಳಿಸಿದರೆ ಅಂದೇ ಸ್ವತಂತ್ರ. "ಈಗಿನ ಕಂಪನಿಗಳಲ್ಲೂ ಇಷ್ಟು ಸವಲತ್ತು ಇಲ್ಲ" ಅಂತ ಒಂದು ಜೋಕು ಬೇರೆ. ಎಲ್ಲರೂ ನಗುತ್ತಾರೆ, ಆಮೇಲೆ ಚಹಾ ಬರುತ್ತದೆ.

ಹೇಳಿದ್ದು ಸುಳ್ಳಲ್ಲ. ಆದರೆ ಅರ್ಧ ಮಾತ್ರ ಹೇಳಿದ್ದು. ಏಳನೆಯ ವರ್ಷದ ಬಿಡುಗಡೆ ಇಬ್ರಿಯನಿಗೆ ಮಾತ್ರ. ಯಾಜಕಕಾಂಡದ 25ನೇ ಅಧ್ಯಾಯ ತೆಗೆದು 44ರಿಂದ 46ರ ತನಕ ಓದಿ. ಸುತ್ತಲಿನ ಜನಾಂಗದವರನ್ನು ಕೊಂಡುಕೊಳ್ಳಬಹುದು, ಅವರು ನಿಮ್ಮ ಆಸ್ತಿ, ನಿಮ್ಮ ಮಕ್ಕಳಿಗೆ ಪಿತ್ರಾರ್ಜಿತವಾಗಿ ಬಿಟ್ಟುಹೋಗಬಹುದು, ಅವರು ಶಾಶ್ವತವಾಗಿ ದಾಸರು ಎಂಬುದು ಅಲ್ಲಿಯ ತಾತ್ಪರ್ಯ. ಯಾವ ನೌಕರಿಯಲ್ಲಿ ಸ್ವಾಮೀ, ಅಪ್ಪ ಸತ್ತ ಮೇಲೆ ನೌಕರ ಮಗನ ಪಾಲಿಗೆ ಬರುತ್ತಾನೆ? ವಿಮೋಚನಕಾಂಡ 21ರಲ್ಲಿ ಹಲ್ಲು, ಕಣ್ಣಿನ ವಿಚಾರ ಓದಿ ಹೇಳುವವರು ಅದಕ್ಕೆ ಐದಾರು ವಚನ ಹಿಂದೆ ಇರುವುದನ್ನು ಹಾರಿಸುತ್ತಾರೆ. ಕೋಲಿನ ಪೆಟ್ಟು ತಿಂದ ದಾಸ ಕೂಡಲೇ ಸತ್ತರೆ ಶಿಕ್ಷೆ; ಒಂದೆರಡು ದಿನ ಬದುಕಿ ಆಮೇಲೆ ಸತ್ತರೆ ಶಿಕ್ಷೆ ಇಲ್ಲ, ಯಾಕೆಂದರೆ ಅವನು ಯಜಮಾನನ ದುಡ್ಡು. ಇನ್ನು ಇಬ್ರಿಯನಿಗಾದರೂ ಬಿಡುಗಡೆ ಅಷ್ಟು ಸಲೀಸೇ? ಯಜಮಾನನೇ ಹೆಂಡತಿಯನ್ನು ಕೊಟ್ಟಿದ್ದರೆ ಆಕೆ, ಮಕ್ಕಳು ಯಜಮಾನನಿಗೇ. ಇವನೊಬ್ಬ ಹೊರಗೆ ಹೋಗಬಹುದು. ಹೆಂಡತಿ ಮಕ್ಕಳನ್ನು ಬಿಟ್ಟು ಹೋಗಲಾರೆ ಅಂದರೆ ಬಾಗಿಲಿಗೆ ಒರಗಿಸಿ ಕಿವಿಗೆ ದಬ್ಬಳ ಚುಚ್ಚಿಸಿಕೊಂಡು ಕೊನೆಯ ತನಕ ಇರಬೇಕು. ಇದನ್ನು ಪ್ರೀತಿಯ ಗುರುತು ಅಂತ ಪ್ರಸಂಗ ಮಾಡಿದವರನ್ನೂ ಕೇಳಿದ್ದೇನೆ!

ನಮ್ಮ ಕರಾವಳಿಯವರಿಗೆ ಇದು ಅರ್ಥವಾಗದ ಪರದೇಶದ ಕಥೆಯಲ್ಲ. 1801ರಲ್ಲಿ ನಮ್ಮ ಸೀಮೆಯಲ್ಲಿ ತಿರುಗಾಡಿದ ಫ್ರಾನ್ಸಿಸ್ ಬುಕಾನನ್ ಗದ್ದೆಗಳಲ್ಲಿ ದುಡಿಯುವ ಗುಲಾಮರ ಬಗ್ಗೆ ಬರೆದಿಟ್ಟಿದ್ದಾನೆ. 1843ರ 5ನೇ ಕಾಯಿದೆ ಗುಲಾಮಗಿರಿಗೆ ಕೋರ್ಟಿನ ಮಾನ್ಯತೆ ತೆಗೆಯಿತು. (ಅದೇ 1843ರಲ್ಲಿ ಮೋಗ್ಲಿಂಗ್ ಮಂಗಳೂರಲ್ಲಿ 'ಮಂಗಳೂರ ಸಮಾಚಾರ' ಶುರುಮಾಡಿದ್ದು ನಮ್ಮವರಿಗೆಲ್ಲ ಬಾಯಿಪಾಠ. ಈ ಕಾಯಿದೆ ಎಷ್ಟು ಜನಕ್ಕೆ ಗೊತ್ತು?) ಅಷ್ಟಾದರೂ 1894ರ ದಕ್ಷಿಣ ಕನ್ನಡದ ಮ್ಯಾನ್ಯುಯಲ್‌ನಲ್ಲಿ ಸ್ಟುರಕ್ ಎಂಬ ಅಧಿಕಾರಿ ಎರಡು ಬಗೆಯ ಆಳುಗಳನ್ನು ಹೆಸರಿಸುತ್ತಾನೆ: ಮೂಲದ ಹೊಲೆಯರು, ಸಾಲದ ಹೊಲೆಯರು. ಮೊದಲಿನವರು ವರ್ಗದ ಭೂಮಿಗೆ ತಲೆತಲಾಂತರದಿಂದ ಅಂಟಿಕೊಂಡವರು, ಎರಡನೆಯವರು ಧಣಿಯ ಸಾಲಕ್ಕೆ ಸಿಕ್ಕಿಬಿದ್ದವರು. ಈ ಸಾಲ ಎಷ್ಟೋ ಸಲ ಮದುವೆಗೆ ಅಂತ ತೆಗೆದದ್ದು. ಯಾಜಕಕಾಂಡದ ಎರಡು ಖಾನೆಗಳು ಸರಿಯಾಗಿ ಇವೇ ಅಲ್ಲವೇ? ಮದುವೆಯೇ ಹಗ್ಗವಾಗುವ ಉಪಾಯ ಕೂಡ ಅದೇ. 'ಅದು ನೌಕರಿ' ಅನ್ನುವವರು ಊರಿಗೆ ಹೋಗಿ ಮೂಲದಾಳುಗಳ ಮೊಮ್ಮಕ್ಕಳ ಎದುರು ಕೂತು ಒಮ್ಮೆ ಈ ಮಾತು ಹೇಳಲಿ.

ಈ ಗೊಂದಲದಲ್ಲಿ ನಮ್ಮ ಭಾಷೆಯ ಪಾಲೂ ಇದೆ. ಇಬ್ರಿಯದ 'ಎಬೆದ್' ಎಂಬ ಒಂದೇ ಶಬ್ದ ಗುಲಾಮನಿಗೂ ಆಗುತ್ತದೆ, ಅರಸನ ಅಧಿಕಾರಿಗೂ ಆಗುತ್ತದೆ, ದೇವರ ಭಕ್ತನಿಗೂ ಆಗುತ್ತದೆ. ನಮ್ಮ ಸತ್ಯವೇದದಲ್ಲಿ ಅದು 'ದಾಸ' ಆಯಿತು. ಕನ್ನಡದ ಕಿವಿಗೆ ದಾಸ ಅಂದ ಕೂಡಲೇ ಪುರಂದರದಾಸರು, ಕನಕದಾಸರು, ಕೈಯಲ್ಲಿ ತಂಬೂರಿ. ಸಂತೆಯಲ್ಲಿ ಬೆಲೆ ಕಟ್ಟಿ ತಂದ ಮನುಷ್ಯ ಕಣ್ಣಿಗೆ ಬರುವುದೇ ಇಲ್ಲ. ಕೆಲವು ಕಡೆ 'ಜೀತದಾಳು' ಅಂತ ಹಾಕಿದ್ದರೆ ಮಲಾಡಿನ ಆ ಜೋಕು ಹುಟ್ಟುತ್ತಲೇ ಇರಲಿಲ್ಲ.

"ಆ ಕಾಲ ಹಾಗಿತ್ತು" ಅನ್ನುವುದು ಎರಡನೆಯ ಸಮಜಾಯಿಷಿ. ಇರಲಿ, ಮೋಶೆಯ ಕಾಲಕ್ಕೆ ಅದನ್ನು ಒಪ್ಪೋಣ. ಆದರೆ 4ನೇ ಶತಮಾನದಲ್ಲೇ ನಿಸ್ಸಾದ ಗ್ರೆಗೊರಿ ಎಂಬ ಬಿಷಪ್, ದೇವರ ಸ್ವರೂಪದಲ್ಲಿ ಸೃಷ್ಟಿಯಾದ ಮನುಷ್ಯನಿಗೆ ಬೆಲೆ ಕಟ್ಟುವ ಹಕ್ಕು ಯಾರಿಗಿದೆ ಎಂದು ಪ್ರಸಂಗಪೀಠದಿಂದಲೇ ಕೇಳಿದ್ದರು. ಅಂದರೆ ಕಾಣುವ ಕಣ್ಣಿದ್ದವರಿಗೆ ಕಾಣುತ್ತಿತ್ತು. ಅದಾಗಿ ಸಾವಿರ ವರ್ಷದ ಮೇಲೆ, 1452ರಲ್ಲಿ, ಐದನೇ ನಿಕೋಲಸ್ ಪೋಪರು ಅನ್ಯಧರ್ಮೀಯರನ್ನು ಶಾಶ್ವತ ದಾಸ್ಯಕ್ಕೆ ತಳ್ಳಲು ಪೋರ್ಚುಗಲ್ಲಿನ ಅರಸನಿಗೆ ಅಪ್ಪಣೆ ಕೊಟ್ಟರು. ಹೊರಗಿನವನು ಶಾಶ್ವತ ದಾಸ ಎನ್ನುವ ಆ ಯಾಜಕಕಾಂಡದ ಲೆಕ್ಕಾಚಾರವೇ ಹಡಗು ಹತ್ತಿದಂತಾಯಿತು. ಅದರ ಫಲ ನೋಡಬೇಕಾದರೆ ಲಿಸ್ಬನ್ನಿಗೆ ಹೋಗಬೇಕಾಗಿಲ್ಲ, ಹಳಿಯಾಳ, ಯಲ್ಲಾಪುರಕ್ಕೆ ಹೋದರೆ ಸಾಕು. ಗೋವೆಗೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡು ಸೇರಿದ ಆಫ್ರಿಕನ್ನರ ಸಂತತಿ ಅಲ್ಲಿಯ ಸಿದ್ದಿಗಳು. ಅವರಲ್ಲಿ ನಮ್ಮಂತೆ ಕ್ರೈಸ್ತರೂ ಇದ್ದಾರೆ. ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಓಡಿಬಂದ ದಾಸನನ್ನು ಯಜಮಾನನಿಗೆ ಒಪ್ಪಿಸಬೇಡ, ಅವನು ಇಷ್ಟಪಟ್ಟ ಕಡೆ ನಿನ್ನ ಊರಲ್ಲೇ ಇರಲಿ ಎಂದು ಧರ್ಮೋಪದೇಶಕಾಂಡ 23 ಹೇಳುತ್ತದೆ. ಗೋವೆಯ ಯಜಮಾನರ ಬೈಬಲ್‌ನಲ್ಲೂ ಅದು ಇತ್ತು. ಅವರು ಇಟ್ಟುಕೊಂಡಿದ್ದು ಮಾತ್ರ ಬೇರೆ ಪುಟವನ್ನು.

ಹಾಗಾದರೆ ಬೈಬಲ್ ಗುಲಾಮರ ಯಜಮಾನರ ಪುಸ್ತಕ ಅನ್ನುವವರ ಮಾತೇ ಸರಿಯೇ? ಅವರೂ ಒಂದೇ ಪುಟ ಓದುವವರು, ಪುಟದ ನಂಬರು ಬೇರೆ ಅಷ್ಟೇ. ಅರಬ್ಬೀ ಸಮುದ್ರದಲ್ಲಿ ಗುಲಾಮರ ಹಡಗುಗಳಿಂದ ಬಿಡಿಸಿ ಮುಂಬಯಿಗೆ ತಂದ ಆಫ್ರಿಕನ್ ಹುಡುಗರಿಗೆ ನಾಸಿಕದ ಶರಣಪುರದಲ್ಲಿ ಓದು, ಕೈಕಸುಬು ಕಲಿಸಿದ್ದೂ ಮಿಷನರಿಗಳೇ. ಅಲ್ಲಿ ಓದಿದ ಜೇಕಬ್ ವೇನ್‌ರೈಟ್ 1874ರಲ್ಲಿ ಲಿವಿಂಗ್‌ಸ್ಟನ್‌ನ ಶವದ ಜೊತೆ ಲಂಡನ್ನಿಗೆ ಹೋದವನು.

ನಮ್ಮ ಸಮಸ್ಯೆಗೆ ದಾರಿ ಯೇಸುವೇ ತೋರಿಸಿದ್ದಾರೆ. ಮತ್ತಾಯ 19ರಲ್ಲಿ ವಿಚ್ಛೇದನದ ಪ್ರಶ್ನೆ ಬಂದಾಗ, ನಿಮ್ಮ ಮೊಂಡತನಕ್ಕಾಗಿ ಮೋಶೆ ಅಪ್ಪಣೆ ಕೊಟ್ಟ, ಮೊದಲಿಂದ ಹಾಗಿರಲಿಲ್ಲ ಎಂಬ ಅರ್ಥದ ಉತ್ತರ ಕೊಡುತ್ತಾರೆ. ಧರ್ಮಶಾಸ್ತ್ರದಲ್ಲಿರುವುದೆಲ್ಲ ದೇವರ ಇಷ್ಟವಲ್ಲ, ಕೆಲವು ಮನುಷ್ಯನ ಕಲ್ಲುಹೃದಯಕ್ಕೆ ಹಾಕಿದ ಬೇಲಿ ಎಂದು ಒಪ್ಪಲು ಕ್ರೈಸ್ತನಿಗೆ ಇದಕ್ಕಿಂತ ದೊಡ್ಡ ಆಧಾರ ಬೇಕೇ? ಬೇಲಿಯನ್ನೇ ತೋಟ ಅಂತ ಯಾಕೆ ತೋರಿಸುತ್ತೀರಿ? ಆ ಬೇಲಿಯೂ ನಿಲ್ಲಲಿಲ್ಲ ಅಂತ ಸತ್ಯವೇದವೇ ಹೇಳುತ್ತದೆ. ಯೆರೆಮೀಯ 34 ನೋಡಿ: ಬಾಬಿಲೋನಿನ ಸೈನ್ಯ ಯೆರೂಸಲೇಮನ್ನು ಮುತ್ತಿದಾಗ ಅರಸ ಚಿದ್ಕೀಯನೂ ಜನರೂ ಒಡಂಬಡಿಕೆ ಮಾಡಿ ದಾಸದಾಸಿಯರನ್ನು ಬಿಟ್ಟರು. ಆಮೇಲೆ ಮನಸ್ಸು ಬದಲಾಯಿಸಿ ಅವರನ್ನೇ ಹಿಡಿದು ತಂದರು. ಪ್ರವಾದಿ ಅದಕ್ಕೆ ಸಮಜಾಯಿಷಿ ಬರೆಯಲಿಲ್ಲ, ಶಾಪ ಹಾಕಿದ.

ಇದೆಲ್ಲ ಹಳೆಯ ಪುಸ್ತಕದ ಜಗಳವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಮುಂಬಯಿಯ ನಮ್ಮ ಮನೆಗಳನ್ನೇ ನೋಡಿ. ಊರಿಂದ ಒಂದು ಹುಡುಗಿಯನ್ನು ತರಿಸಿಕೊಳ್ಳುತ್ತೇವೆ. ಅಪ್ಪನಿಗೆ ಅಡ್ವಾನ್ಸು ಕೊಟ್ಟಿರುತ್ತೇವೆ, ಮನೆ ರಿಪೇರಿಗೋ, ಅಕ್ಕನ ಮದುವೆಗೋ. ಸಂಬಳ ಅದಕ್ಕೇ ವಜಾ. ಹುಡುಗಿ ಮಲಗುವುದು ಅಡುಗೆಮನೆಯಲ್ಲಿ, ಏಳುವುದು ಎಲ್ಲರಿಗಿಂತ ಮೊದಲು. ಭಾನುವಾರ ಇಗರ್ಜಿಗೆ ನಮ್ಮ ಜೊತೆಗೇ ಬರುತ್ತಾಳೆ, ನಮ್ಮ ಮಗುವನ್ನು ಎತ್ತಿಕೊಂಡು. ಕೇಳಿದರೆ "ಮನೆಮಗಳ ಹಾಗೆ ನೋಡಿಕೊಳ್ಳುತ್ತೇವೆ". ಅದೇ ಆ ಮಲಾಡಿನ ಸಮಜಾಯಿಷಿ ಅಲ್ಲವೇ? ಊಟ ಕೊಟ್ಟಿದ್ದೇವೆ, ಹೊಡೆಯುವುದಿಲ್ಲ, ಹಾಗಾಗಿ ಇದು ಅದಲ್ಲ! ನೆಹೆಮೀಯ 5ರಲ್ಲಿ ಜನ ಗೋಳಿಟ್ಟದ್ದು ಇದನ್ನೇ: ಹೊಲ ಅಡವಿಟ್ಟೆವು, ಹೆಣ್ಣುಮಕ್ಕಳು ಆಗಲೇ ದಾಸಿಯರಾದರು, ಬಿಡಿಸಲು ಕೈಯಲ್ಲಿ ಏನೂ ಇಲ್ಲ. ಸಾಲ ಕೊಟ್ಟವರು ಅನ್ಯರಲ್ಲ, ಅವರದೇ ಸಹೋದರರು.

ಸಾಲಕ್ಕೆ ಮನುಷ್ಯನನ್ನು ದುಡಿಸಿಕೊಳ್ಳುವುದು 1976ರ ಜೀತ ನಿರ್ಮೂಲನ ಕಾಯಿದೆಯ ಪ್ರಕಾರ ಅಪರಾಧ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಅಂತ 1982ರಲ್ಲಿ, ಏಷ್ಯಾಡ್ ಕಾಮಗಾರಿಯ ಕೇಸಿನಲ್ಲಿ, ಸುಪ್ರೀಂ ಕೋರ್ಟು ಹೇಳಿದೆ. 14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೂ ಹೋಟೆಲಿಗೂ ಇಟ್ಟುಕೊಳ್ಳುವಂತಿಲ್ಲ ಎಂದು 2006ರಲ್ಲೇ ಆಗಿದೆ.

ಮುಂದಿನ ಸಲ ಬೈಬಲ್ ಸ್ಟಡಿಯಲ್ಲಿ ಈ ವಿಷಯ ಬಂದರೆ ಯಾಜಕಕಾಂಡ 25ನ್ನು 46ನೇ ವಚನದ ತನಕ ಗಟ್ಟಿಯಾಗಿ ಓದಿ, ಹಾರಿಸಬೇಡಿ. ಆಮೇಲೆ ಚಹಾ ತರುವ ಹುಡುಗಿಗೆ ಸಂಬಳ ಎಷ್ಟು, ಅದು ಯಾರ ಹೆಸರಿನ ಖಾತೆಗೆ ಹೋಗುತ್ತದೆ, ವಾರದ ರಜೆ ಯಾವತ್ತು ಅಂತ ಆ ಮನೆಯವರನ್ನು ಎಲ್ಲರ ಎದುರೇ ಕೇಳಿ. ಅಡ್ವಾನ್ಸು ಇನ್ನೂ ತೀರಿಲ್ಲ ಅಂದರೆ, ಅವತ್ತೇ ಮನ್ನಾ ಮಾಡಲು ಹೇಳಿ.